ನಾವು ಗೆದ್ದಾಗ ಮೆಷಿನ್ ಸರಿ

2023ರ ಮೇ 13, ವಿಧಾನಸಭೆ ರಿಸಲ್ಟ್. ಕಾಂಗ್ರೆಸ್ 135 ಅಂತ ಖಾತ್ರಿಯಾಗ್ತಿದ್ದ ಹಾಗೇ ನಾನು ಫ್ಯಾಮಿಲಿ ಗ್ರೂಪಿಗೆ ಲಡ್ಡು ಫೋಟೋ ಹಾಕಿದೆ. ಎರಡೇ ನಿಮಿಷಕ್ಕೆ ಚಿಕ್ಕಪ್ಪನ ಮೆಸೇಜು: "ಏನಪ್ಪಾ ಇಂಜಿನಿಯರೇ, ಮೆಷಿನ್ ರಿಪೇರಿ ಆಯ್ತಾ?"

ನನ್ನ ಹತ್ರ ಉತ್ತರ ಇರಲಿಲ್ಲ. 2019ರಲ್ಲಿ ಅದೇ ಗ್ರೂಪಿನಲ್ಲಿ ಇವಿಎಂ ಹೇಗೆ ತಿರುಚಬಹುದು ಅಂತ ವಾರಗಟ್ಟಲೆ ಪಾಠ ಮಾಡಿದವನು ನಾನೇ. ಆ ಮೆಷಿನ್ ತಯಾರಾಗೋದು ಹೈದರಾಬಾದಿನಲ್ಲಿ, ಮತ್ತೆ ನಾನು ದಿನಾ ಟ್ರಾಫಿಕ್ಕಿನಲ್ಲಿ ಒದ್ದಾಡೋ ಜಾಲಹಳ್ಳಿಯ ಬಿಇಎಲ್‌ನಲ್ಲಿ. ಅದಕ್ಕೆ ನೆಟ್‌ವರ್ಕ್ ಸಂಪರ್ಕ ಇಲ್ಲ ಅಂತ ಯಾರೋ ಅಂದರೆ, ಚಿಪ್ಪಿನಲ್ಲೇ ಮೊದಲೇ ಕೋಡ್ ಸೇರಿಸಿರ್ತಾರೆ ಅಂದೆ. ಯಾವ ಕ್ಷೇತ್ರದಲ್ಲಿ ಯಾವ ಬಟನ್ ಯಾವ ಪಕ್ಷದ್ದು ಅಂತ ಚಿಪ್ಪಿಗೆ ಹೇಗೆ ಗೊತ್ತು ಅಂದರೆ, ವಿವಿಪ್ಯಾಟ್‌ಗೆ ಚಿಹ್ನೆ ಲೋಡ್ ಮಾಡುವಾಗ ಅಂದೆ. ಸ್ಲಿಪ್ ಎಣಿಸಿ ತಾಳೆ ನೋಡ್ತಾರಲ್ಲ ಅಂದರೆ, ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದೇ ಬೂತ್ ತಾನೆ ಅಂದೆ. ನೋಡಿ, ಓದಿದ್ದು ಎಷ್ಟು ಉಪಯೋಗಕ್ಕೆ ಬಂತು!

ಇನ್ನು ಚಿಕ್ಕಪ್ಪ. 2009ರಲ್ಲಿ ಬಿಜೆಪಿ ಸೋತಾಗ ಮೆಷಿನ್ ಮೇಲೆ ಗೂಬೆ ಕೂರಿಸಿದ್ದು ಅವರೇ. ಮರುವರ್ಷ ಇವಿಎಂ ನಂಬಬೇಡಿ ಅಂತ ಜಿವಿಎಲ್ ನರಸಿಂಹ ರಾವ್ ಪುಸ್ತಕ ಬರೆದರು, ಅಡ್ವಾಣಿ ಮುನ್ನುಡಿ ಬರೆದರು. 2014 ಆದಮೇಲೆ ಚಿಕ್ಕಪ್ಪನಿಗೆ ಆ ಪುಸ್ತಕದ ನೆನಪೇ ಇಲ್ಲ.

ನಾವು 'ವಾಟ್ಸಾಪ್ ಯೂನಿವರ್ಸಿಟಿ' ಅಂತ ನಗ್ತೀವಲ್ಲ, ಅದು ಶುದ್ಧ ಜಂಬ. ಓದಿಲ್ಲದವರು ಮೋಸ ಹೋಗ್ತಾರೆ, ನಾವು ಹೋಗಲ್ಲ ಅನ್ನೋ ಜಂಬ. 2013ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡಾನ್ ಕಹಾನ್ ಮತ್ತು ಜೊತೆಯವರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರಿಗೆ ಒಂದು ಲೆಕ್ಕ ಕೊಟ್ಟರು. ಕೆಲವರಿಗೆ ಅದು ಚರ್ಮದ ಕ್ರೀಮಿನ ಲೆಕ್ಕ. ಲೆಕ್ಕದಲ್ಲಿ ಚುರುಕಾದವರು ಸರಿಯಾಗಿ ಬಿಡಿಸಿದರು. ಅವೇ ಅಂಕಿಗಳನ್ನು ಬಂದೂಕು ನಿಷೇಧದ ಲೆಕ್ಕ ಅಂತ ಉಳಿದವರಿಗೆ ಕೊಟ್ಟಾಗ, ಉತ್ತರ ಪಕ್ಷಕ್ಕೆ ತಕ್ಕಂತೆ ವಾಲಿತು. ಎರಡು ಪಕ್ಷದವರ ಅಂತರ ಜಾಸ್ತಿ ಇದ್ದದ್ದು ದಡ್ಡರಲ್ಲಲ್ಲ, ಲೆಕ್ಕ ಬಲ್ಲವರಲ್ಲಿ! ಬುದ್ಧಿ ನ್ಯಾಯಾಧೀಶನ ಥರ ಕೂತಿರುತ್ತೆ ಅಂದ್ಕೊಂಡಿರ್ತೀವಿ. ಅದು ಫೀಸು ತಗೊಂಡ ಲಾಯರು.

ಹಾಗಂತ ಅನುಮಾನ ಪಡೋದೇ ತಪ್ಪು ಅಂತಲ್ಲ. ವಿವಿಪ್ಯಾಟ್ ಬಂದಿದ್ದೇ ಅನುಮಾನದಿಂದ. ಸುಬ್ರಮಣಿಯನ್ ಸ್ವಾಮಿ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ಅದು ಹಂತಹಂತವಾಗಿ ಜಾರಿಯಾಯ್ತು. ಅಂಥ ಅನುಮಾನ ಒಂದು ಪರೀಕ್ಷೆ ಕೇಳುತ್ತೆ. ನಂದು ಪರೀಕ್ಷೆಯನ್ನೇ ನುಂಗಿಬಿಡ್ತಿತ್ತು. ಲಡ್ಡು ಹಾಕಿದ ದಿನ ಸಂಜೆ ಗೆಳೆಯನೊಬ್ಬ ಸಮಾಧಾನ ಹೇಳಿದ: "ಅನುಮಾನ ಬರಬಾರದು ಅಂತ ಒಂದು ರಾಜ್ಯ ಬಿಟ್ಕೊಟ್ಟಿದಾರೆ ಕಣೋ." ಸೋತರೂ ಸಾಕ್ಷಿ, ಗೆದ್ದರೂ ಸಾಕ್ಷಿ! ಆ ಮಾತು ಕೇಳಿ ಮನಸ್ಸಿಗೆ ಎಷ್ಟು ಹಿತವಾಯ್ತು ಅಂದ್ರೆ, ನನಗೇ ಹೆದರಿಕೆ ಆಯ್ತು.

2024ರ ಜೂನ್ 4, ಬೆಳಿಗ್ಗೆ ಏಳೂವರೆ. ಎಣಿಕೆ ಶುರುವಾಗೋಕೆ ಅರ್ಧ ಗಂಟೆ ಇತ್ತು. ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಚಿಕ್ಕಪ್ಪಾ, ಮೆಷಿನ್ ಸರಿಯಿದೆ ಅಂತ ಈಗಲೇ ಇಬ್ರೂ ಗ್ರೂಪಲ್ಲಿ ಬರೆದುಬಿಡೋಣ. ಆಮೇಲೆ ಯಾರೂ ಮಾತಾಡೋ ಹಾಗಿಲ್ಲ."

ಅವರು ನಕ್ಕರು. "ತಡಿಯೋ, ರಿಸಲ್ಟ್ ಬರ್ಲಿ."

ನಾನೂ ಒತ್ತಾಯ ಮಾಡಲಿಲ್ಲ.