ಆಟದ ನಡುವೆ ಏದುಸಿರು ಬಿಡುವ ಲ್ಯಾಪ್‌ಟಾಪ್

ಕುಮಟಾದ ಸೋದರಿಯೊಬ್ಬರ ಪತ್ರ ಈ ಪಕ್ಷ ನನ್ನನ್ನು ಸ್ವಲ್ಪ ಕಾಡಿತು. 2020ರ ಲಾಕ್‌ಡೌನಿನಲ್ಲಿ ಮಗನ ಪಾಠಕ್ಕೆಂದು ಕೊಂಡ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಅವರದು. ಈಗ ಅದರಲ್ಲಿ ಆಟಕ್ಕೆ ಕೂತರೆ ಹತ್ತೇ ನಿಮಿಷಕ್ಕೆ ಚಿತ್ರ ತಡವರಿಸುತ್ತದಂತೆ, ಫ್ಯಾನು ಭೋರ್ಗರೆಯುತ್ತದಂತೆ. "ಆಯಿ, ಹೊಸದೇ ಬೇಕು" ಎಂದು ಮಗನ ಹಟ. ಅಂಗಡಿಯಲ್ಲಿ 60 ಸಾವಿರ ಹೇಳಿದ್ದಾರೆ. ಮನೆಯವರಿಗೆ ತಿಳಿಯದಂತೆ ಬಳೆ ಅಡವಿಡಲೇ ಎಂದು ಕೇಳಿದ್ದಾರೆ.

ಬೇಡ ಸೋದರಿ, ಬಳೆ ಕೈಯಲ್ಲೇ ಇರಲಿ. ಮೊದಲು ಆ ಯಂತ್ರಕ್ಕೆ ಉಸಿರಾಡಲು ಬಿಡಿ.

ಹತ್ತು ನಿಮಿಷ ಚೆನ್ನಾಗಿ ನಡೆದು ಆಮೇಲೆ ತಡವರಿಸಿದರೆ ದೋಷ ಬಹುಪಾಲು ಬಿಸಿಯದು. ಮಿತಿಮೀರಿ ಕಾದಾಗ ಒಳಗಿನ ಚಿಪ್ ಹಾಳಾಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮ ಕರಾವಳಿಯ ಹವೆ ನಿಮಗೆ ಗೊತ್ತೇ ಇದೆಯಲ್ಲ? ಮಳೆಗಾಲದಲ್ಲಿ ಮುಚ್ಚಿಟ್ಟ ಸಾಣಿಕಟ್ಟಾದ ಹರಳುಪ್ಪೂ ನೀರೊಡೆಯುತ್ತದೆ. ಆ ತೇವಕ್ಕೆ ಧೂಳು, ಒಗ್ಗರಣೆಯ ಜಿಡ್ಡು ಸೇರಿ ಫ್ಯಾನಿನ ಪಕ್ಕದ ಸಣ್ಣ ಕಿಂಡಿಗಳಲ್ಲಿ ಹತ್ತಿಯ ಹಾಗೆ ಮೆತ್ತಿಕೊಳ್ಳುತ್ತದೆ. ರಿಪೇರಿಯವರಿಂದ ಬಿಚ್ಚಿಸಿ ತೆಗೆಸಿ. ಚಿಪ್ ಮೇಲೆ ಒಣಗಿಹೋದ ಥರ್ಮಲ್ ಪೇಸ್ಟನ್ನೂ ಬದಲಿಸಲು ಹೇಳಿ. ಹಾಸಿಗೆಯ ಮೇಲಿಟ್ಟು ಆಡಿದರೆ ಕೆಳಗಿನ ಗಾಳಿಕಂಡಿ ಮುಚ್ಚುತ್ತದೆ. ಮೇಜಿನ ಮೇಲಿಟ್ಟು ಹಿಂಬದಿಗೆ ಎರಡು ಮುಚ್ಚಳ ಕೊಟ್ಟು ಎತ್ತರಿಸಿ. (ನನ್ನ ಮನೆಯಲ್ಲಿ ಈ ಸೇವೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳಗಳದು!)

ಬಿಚ್ಚಿಸಿದಾಗ ಬ್ಯಾಟರಿ ಉಬ್ಬಿದೆಯೇ ಎಂದು ಮರೆಯದೆ ನೋಡಿಸಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಒತ್ತಲೂ ಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು.

ಇನ್ನು ರ್‍ಯಾಮ್. ಇದು ಅಡುಗೆಕಟ್ಟೆ ಇದ್ದಹಾಗೆ, ಡಿಸ್ಕು ಉಗ್ರಾಣ. 4 ಜಿಬಿಯ ಪುಟ್ಟ ಕಟ್ಟೆಯಾದರೆ ಸಾಸಿವೆಗೊಮ್ಮೆ, ಬೆಲ್ಲಕ್ಕೊಮ್ಮೆ ಉಗ್ರಾಣಕ್ಕೆ ಓಡಬೇಕು. ಅಗ್ಗದ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಭಾಗವೂ ಸ್ವಂತ ಮೆಮೊರಿ ಇಲ್ಲದೆ ಇದರಲ್ಲೇ ಪಾಲು ಕೇಳುತ್ತದೆ. ಎರಡನೆಯ ಸ್ಲಾಟ್ ಖಾಲಿಯಿದ್ದರೆ ಅದೇ ಜಾತಿಯ ಇನ್ನೊಂದು 4 ಜಿಬಿ ಹಾಕಿಸಿ. ಎರಡು ಜೊತೆಗೂಡಿದರೆ ದಾರಿ ಅಗಲವಾಗಿ ಆಟವೂ ಚುರುಕಾಗುತ್ತದೆ. ಕೆಲವು ಮಾದರಿಗಳಲ್ಲಿ ಜಾಗವೇ ಇರುವುದಿಲ್ಲ, ಕೊಳ್ಳುವ ಮೊದಲು ಕೇಳಿ. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆಟ ಬೇಗ ತೆರೆದುಕೊಳ್ಳುತ್ತದೆ ನಿಜ, ಆದರೆ ಆಡುವಾಗಿನ ಚಿತ್ರದ ಓಟ ಅಷ್ಟೇನೂ ಹೆಚ್ಚದು.

ಕಾಸು ಖರ್ಚಿಲ್ಲದ ಉಪಾಯ ಆಟದ ಸೆಟ್ಟಿಂಗಿನಲ್ಲೇ ಇದೆ. 1920×1080 ಎಂದಿದ್ದರೆ ಯಂತ್ರ ಪ್ರತಿ ಚಿತ್ರಕ್ಕೂ 20 ಲಕ್ಷಕ್ಕಿಂತ ಹೆಚ್ಚು ಚುಕ್ಕಿ ಇಡಬೇಕು. 1280×720 ಮಾಡಿದರೆ 9 ಲಕ್ಷ ಚಿಲ್ಲರೆ ಸಾಕು. ರಂಗೋಲಿ ಹಾಕುವ ನಮಗೆ ಈ ಲೆಕ್ಕ ಹೇಳಿಕೊಡಬೇಕೇ? ನೆರಳುಗಳನ್ನೂ ಕಡಿಮೆ ಮಾಡಲಿ.

ಹೊನ್ನಾವರದ ಓದುಗರೊಬ್ಬರು ಕರೆಂಟು ಹೋದಾಗ ಆಟ ಇನ್ನೂ ನಿಧಾನ ಎಂದು ಬರೆದಿದ್ದಾರೆ. ಬ್ಯಾಟರಿಯ ಮೇಲೆ ನಡೆಯುವಾಗ ಯಂತ್ರ ಕೈ ಬಿಗಿಹಿಡಿದೇ ಖರ್ಚು ಮಾಡುತ್ತದಮ್ಮ! ಭಟ್ಕಳದ ಸೋದರಿ ಕೇಳಿದ "ವೇಗ ಹೆಚ್ಚಿಸುವ" ಪುಕ್ಕಟೆ ತಂತ್ರಾಂಶ ಮಾತ್ರ ಬೇಡ. ಎಷ್ಟೋ ಸಲ ಅದೇ ಒಂದು ಭಾರ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅಂಥ ಲ್ಯಾಪ್‌ಟಾಪಿನಲ್ಲಿ ಕಂಡಕಂಡದ್ದನ್ನು ಇಳಿಸಿಕೊಳ್ಳುವುದು ಇನ್ನೂ ಅಪಾಯ.

ಇಷ್ಟೆಲ್ಲ ಮಾಡಿದರೂ ಈಚಿನ ಭಾರಿ ಆಟಗಳು ಇದರಲ್ಲಿ ಓಡವು. ಚಿತ್ರ ಮೂಡಿಸುವ ಭಾಗವನ್ನು ಬದಲಿಸಲಾಗದು. ಕುಮಟಾದ ಸೋದರಿ, ಇದನ್ನು ಮಗನಿಗೆ ಮೊದಲೇ ಹೇಳಿಬಿಡಿ, ಮನೆಯವರಿಗೂ ಹೇಳಿ. ರಿಪೇರಿಗೆ ಅವನನ್ನೇ ಕರೆದುಕೊಂಡು ಹೋಗಿ. ಹೊರಡುವ ಮೊದಲು ನೋಟ್ಸು, ಮನೆಯ ಫೋಟೊಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಲಿ.