ದಾರಿದ್ರ್ಯದರ್ಶನವೂ ಪ್ರವಾಸಧರ್ಮವೂ

ಕಾಂಬೋಡಿಯಾ ದೇಶದ ಸಿಯಾಮ್ ರೀಪ್ ಪಟ್ಟಣಕ್ಕೆ ಭಾರತೀಯ ಯಾತ್ರಿಕರು ಹೋಗಿಬರುವುದು ಈಚೆಗೆ ಅಪೂರ್ವವಲ್ಲ. ಎರಡನೆಯ ಸೂರ್ಯವರ್ಮನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿಸಲಾರಂಭಿಸಿದ ಅಂಗ್‌ಕೋರ್ ವಾಟ್ ದೇವಾಲಯವನ್ನೂ ಅದರ ಭಿತ್ತಿಗಳಲ್ಲಿ ಕಡೆದಿರುವ ಸಮುದ್ರಮಥನವನ್ನೂ ಕಂಡು ಪುಳಕಿತರಾಗದ ಕನ್ನಡಿಗರಾರು? ಆದರೆ ಆ ವೈಭವದ ಹಾದಿಯಲ್ಲಿಯೇ ಚಿತ್ರಪತ್ರಗಳನ್ನು ಮಾರುವ ಬಾಲಕರು ಎದುರಾಗುವುದುಂಟು. ಅಲ್ಲಿಗೆ ಯಾತ್ರಿಕನ ಶಿಲ್ಪಪಾಂಡಿತ್ಯದ ಕೆಲಸ ಮುಗಿಯಿತು. ಅವನ ಧರ್ಮಬುದ್ಧಿಯ ಪರೀಕ್ಷೆಯು ಮೊದಲಾಯಿತು.

ಈ ಪರೀಕ್ಷೆಯಲ್ಲಿ ಸೋಲುವವರು ಎರಡು ಬಗೆ. ಮೊದಲನೆಯವನು ಮುಖ ತಿರುಹಿ, “ಇವರು ಸೋಮಾರಿ ಜನ” ಎಂದು ತೀರ್ಪು ಕೊಡುತ್ತಾನೆ. 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಹದಿನೈದು ಲಕ್ಷಕ್ಕೂ ಮೀರಿದ ಜನರು ಅಳಿದರು. ಪಟ್ಟಣಗಳು ಬರಿದಾದವು, ಶಾಲೆಗಳು ಮುಚ್ಚಿದವು, ವೈದ್ಯರೂ ಉಪಾಧ್ಯಾಯರೂ ಹತರಾದರು. ಅನಂತರವೂ ಒಳಯುದ್ಧವು ಸುಮಾರು ಇಪ್ಪತ್ತು ವರ್ಷ ನಿಲ್ಲಲಿಲ್ಲ. ಹೊಲಗಳಲ್ಲಿ ಹೂಳಿದ ಸಿಡಿಮದ್ದು ಉಳುವವನ ಕಾಲನ್ನೇ ಕೊಂಡೊಯ್ದಿತು. ಇಂಥ ನಾಡಿನ ಬಡತನವನ್ನು ಸೋಮಾರಿತನವೆಂದು ಕರೆಯುವುದು ಅಜ್ಞಾನವಲ್ಲದೆ ಮತ್ತೇನು?

ಎರಡನೆಯವನು ಕನಿಕರವುಳ್ಳವನು, ಆದರೆ ಹೆಚ್ಚು ಕೆಡುಕು ಮಾಡುವವನೂ ಅವನೇ. ಅವನು ಒಂದು ಮಧ್ಯಾಹ್ನ ಅನಾಥಾಲಯಕ್ಕೆ ಹೋಗುತ್ತಾನೆ; ಮಕ್ಕಳ ಕುಣಿತವನ್ನು ನೋಡುತ್ತಾನೆ; ಒಂದು ಕೂಸನ್ನೆತ್ತಿಕೊಂಡು ಭಾವಚಿತ್ರ ತೆಗೆಸಿಕೊಂಡು, ಕಾಣಿಕೆಯನ್ನಿತ್ತು, ಧನ್ಯನಾದೆನೆಂದು ಹೊರಡುತ್ತಾನೆ. ಆ ಮಕ್ಕಳು ಅನಾಥರೇ ಎಂದು ಅವನು ಕೇಳುವುದೇ ಇಲ್ಲ. ಯುನಿಸೆಫ್ ಸಂಸ್ಥೆಯ ನೆರವಿನಿಂದ ನಡೆದು 2011ರಲ್ಲಿ ಪ್ರಕಟವಾದ ವಿಚಾರಣೆಯು ಇದಕ್ಕೆ ಉತ್ತರ ಕೊಟ್ಟಿದೆ: ಅಲ್ಲಿಯ ಇಂಥ ಆಲಯಗಳ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲಿನವರಿಗೆ ತಾಯಿಯೋ ತಂದೆಯೋ ಬದುಕಿದ್ದರು. 2005ರಿಂದ 2010ರೊಳಗೆ ಆಲಯಗಳ ಸಂಖ್ಯೆಯು ಶೇಕಡ 75ರಷ್ಟು ಹೆಚ್ಚಿತ್ತು. ಯುದ್ಧ ಮುಗಿದು ಶಾಂತಿ ನೆಲೆಸಿದ ಕಾಲದಲ್ಲಿ ಅನಾಥಾಲಯಗಳು ಬೆಳೆದುದು ಹೇಗೆ? ಬೆಳೆದುದು ಅನಾಥರಲ್ಲ, ಪ್ರವಾಸಿಗಳು! ಓದಿಸುವೆವು, ಉಣಿಸುವೆವು ಎಂಬ ಮಾತನ್ನು ನಂಬಿ ಬಡ ತಾಯಿತಂದೆಗಳು ಮಕ್ಕಳನ್ನು ಒಪ್ಪಿಸಿದರು. ಕರುಣೆಗೆ ಗಿರಾಕಿಗಳಿರುವಲ್ಲಿ ಅನಾಥತ್ವವೂ ಸರಕಾಗುತ್ತದೆ. ಮಕ್ಕಳು ಸೊರಗಿ ಕಂಡಷ್ಟೂ ಕಾಣಿಕೆ ಹೆಚ್ಚುವುದಾದರೆ, ಅವರನ್ನು ಪುಷ್ಟಿಗೊಳಿಸುವ ಅವಸರವು ಲೋಭಿಯಾದ ಯಜಮಾನನಿಗೆ ಏತಕ್ಕೆ?

ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಗುರುತಿಲ್ಲದ ಪರದೇಶಿಯೊಬ್ಬನು ಮಕ್ಕಳ ಮಲಗುವ ಕೋಣೆಯನ್ನು ಹೊಕ್ಕು, ಬೇಕಾದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರ ತೆಗೆದರೆ ಯಾವ ಗೃಹಸ್ಥನು ಸಹಿಸುವನು? ತನ್ನ ಮನೆಯಲ್ಲಿ ಅಪಚಾರವಾದುದು ಪರರ ಮನೆಯಲ್ಲಿ ಪುಣ್ಯವಾಗಲಾರದು.

“ಹಾಗಾದರೆ ಏನನ್ನೂ ಕೊಡಬಾರದೇ?” ಎಂದು ಕೆಲವರು ಆಕ್ಷೇಪಿಸಬಹುದು. ಕೊಡಬೇಕು, ಆದರೆ ದೇಶ, ಕಾಲ, ಪಾತ್ರಗಳನ್ನರಿತು ಕೊಡಬೇಕೆಂಬುದು ಹಿರಿಯರ ಮತ. ಸ್ವಿಟ್ಜರ್ಲೆಂಡಿನ ವೈದ್ಯ ಬೇಯಟ್ ರಿಖ್ನರ್ ಎಂಬವರು ಕಾಂಥಾ ಬೋಫಾ ಮಕ್ಕಳ ಆಸ್ಪತ್ರೆಯನ್ನು 1992ರಲ್ಲಿ ಪುನಃ ತೆರೆದು, 2018ರಲ್ಲಿ ತೀರಿಕೊಂಡರು. ಅಲ್ಲಿ ಚಿಕಿತ್ಸೆಗೆ ಶುಲ್ಕವಿರಲಿಲ್ಲ. ಅವರು ಸಿಯಾಮ್ ರೀಪಿನಲ್ಲಿ ಚೆಲೋ ವಾದ್ಯವನ್ನು ನುಡಿಸಿ, ಪ್ರವಾಸಿಗಳಲ್ಲಿ ತರುಣರಿಂದ ರಕ್ತವನ್ನೂ ವೃದ್ಧರಿಂದ ಹಣವನ್ನೂ ಬೇಡುತ್ತಿದ್ದರು. ಅವರು ಮಕ್ಕಳನ್ನು ಕುಣಿಸಲಿಲ್ಲ, ತಾವೇ ವಾದ್ಯ ನುಡಿಸಿದರು. ಭೇದವೆಲ್ಲ ಇಲ್ಲಿಯೇ ಇದೆ. 2017ರಲ್ಲಿ ಅಂಗ್‌ಕೋರಿನ ಒಂದು ದಿನದ ಪ್ರವೇಶಧನವು 37 ಡಾಲರಿಗೆ ಏರಿದಾಗ, ಅದರೊಳಗಿನ 2 ಡಾಲರು ಈ ಆಸ್ಪತ್ರೆಗಳಿಗೇ ಮೀಸಲಾಯಿತು. ಊರಿನ ಮಾರ್ಗದರ್ಶಕನಿಗೆ ತಕ್ಕ ಕೂಲಿ, ನೇಯುವವಳಿಗೆ ಚೌಕಾಸಿಯಿಲ್ಲದ ಬೆಲೆ, ಊರವರ ಊಟದ ಮನೆಯಲ್ಲಿ ಊಟ, ಇವೂ ದಾನಕ್ಕಿಂತ ಮೇಲು. ಏಕೆಂದರೆ ತಂದೆತಾಯಿಗಳ ಕೈಯಲ್ಲಿ ದುಡಿಮೆಯಿದ್ದರೆ ಮಗುವು ಮನೆಯಲ್ಲಿಯೇ ಉಳಿಯುವುದು.

ಏಳನೆಯ ಜಯವರ್ಮನ ರಾಜ್ಯದಲ್ಲಿ 102 ಆರೋಗ್ಯಶಾಲೆಗಳಿದ್ದುವೆಂದು 1186ರ ತಾ ಪ್ರೋಹ್ಮ್ ಶಾಸನವು ಸಾರುತ್ತದೆ. ಆ ದೇವಾಲಯದ ಗೋಡೆಗಳನ್ನು ತಬ್ಬಿದ ಮರದ ಬೇರುಗಳನ್ನು ಎಲ್ಲರೂ ನೋಡಿ ಬರುತ್ತಾರೆ. ಶಾಸನದ ಅರ್ಥವನ್ನೂ ಹೊತ್ತು ಬಂದವನ ಯಾತ್ರೆಯೇ ಯಾತ್ರೆ. ಮಿಕ್ಕವರದು ಬರಿಯ ತಿರುಗಾಟವು.