ತಣ್ಣೀರಿನಲ್ಲಿ ಬಾಳುವ ಜಾಣ್ಮೆ

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಮಳೆಗಾಲವೆಂದರೆ ನೀರಿಗೆ ಬಡತನವಿಲ್ಲದ ಕಾಲ. ಕಾಫಿ ತೋಟದ ಇಳಿಜಾರುಗಳಲ್ಲಿ ಒರತೆಗಳು ಬಾಯ್ದೆರೆಯುವುವು. ಹಳ್ಳಗಳು ತುಂಬಿ ಹೇಮಾವತಿಯನ್ನು ಸೇರುವುವು. ಬಾವಿಯ ನೀರು ಮೇಲೇರುವುದು. ಆ ನೀರು ತಿಳಿಯಾಗಿಯೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೂ ಇರುವುದರಿಂದ, ಅದನ್ನು ಕಾಯಿಸುವ ಗೊಡವೆಯೇಕೆಂದು ಅನೇಕರು ಭಾವಿಸುವರು. ತಂಪಾದುದೆಲ್ಲವೂ ಶುದ್ಧವೇ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಮಳೆಯ ನೀರು ಗುಡ್ಡದಿಂದ ಇಳಿಯುವಾಗ ದಾರಿಯಲ್ಲಿ ಸಿಕ್ಕಿದುದನ್ನೆಲ್ಲ ಕೊಚ್ಚಿ ತರುವುದು. ಕೊಟ್ಟಿಗೆಯ ಗೊಬ್ಬರ, ಬಯಲಿನ ಹೊಲಸು ಇವುಗಳೊಡನೆ ಕರುಳಿನ ಸೂಕ್ಷ್ಮಜೀವಿಗಳೂ ಒರತೆ ಬಾವಿಗಳನ್ನು ಸೇರುವುವು. ಇವುಗಳಲ್ಲಿ ಹೆಸರಾದುದು ಎಶೆರಿಕಿಯ ಕೋಲೈ. ೧೮೮೫ರಲ್ಲಿ ತಿಯೊಡೋರ್ ಎಶೆರಿಶ್ ಎಂಬ ವೈದ್ಯನು ಇದನ್ನು ವರ್ಣಿಸಿದನು. ಇದರ ಹೆಚ್ಚಿನ ಬಗೆಗಳು ನಿರಪಾಯವಾದುವು, ಕೆಲವು ಭೇದಿಯನ್ನುಂಟುಮಾಡುವುವು. ಯಾವುದೇ ಬಗೆಯಾಗಲಿ, ನೀರಿನಲ್ಲಿ ಕಂಡುಬಂದರೆ ಮಲದ ಸಂಪರ್ಕವಾಗಿದೆಯೆಂದು ತಿಳಿಯಬೇಕು. ನೀರಿನ ಪರೀಕ್ಷೆಯಲ್ಲಿ ಇದನ್ನು ಹುಡುಕುವುದು ಅದಕ್ಕಾಗಿಯೇ.

ಕರುಳಿನಲ್ಲಿ ಈ ಜೀವಿಗೆ ೩೭ ಡಿಗ್ರಿಯ ಬೆಚ್ಚನೆಯ ಮನೆಯುಂಟು, ಊಟವುಂಟು. ಅಲ್ಲಿಂದ ತಣ್ಣೀರಿಗೆ ಬಿದ್ದರೆ ಕೂಡಲೆ ಸಾಯಬೇಕಲ್ಲವೆ? ಸಾಯುವುದಿಲ್ಲ. ಬೆಚ್ಚನೆಯ ನೀರಿಗಿಂತ ತಂಪು ನೀರಿನಲ್ಲಿಯೇ ಅದು ಹೆಚ್ಚು ದಿನ ಬಾಳುವುದು. ತಂಪಿನಲ್ಲಿ ಅದರ ವೆಚ್ಚ ಕಡಮೆಯೆಂಬುದು ಒಂದು ಕಾರಣ. ಇದಲ್ಲದೆ, ಕಷ್ಟಕಾಲಕ್ಕೆಂದು ಅದರೊಳಗೊಂದು ಏರ್ಪಾಡೂ ಇದೆ.

ಜೀವಕೋಶದಲ್ಲಿ ಡಿಎನ್‌ಎ ಎಂಬುದು ಪೆಟ್ಟಿಗೆಯಲ್ಲಿಟ್ಟ ಮೂಲಪುಸ್ತಕದಂತೆ. ಕೆಲಸ ಬಿದ್ದಾಗ ಅದರ ಒಂದು ಭಾಗವು ಆರ್‌ಎನ್‌ಎ ಎಂಬ ಚೀಟಿಯಾಗಿ ನಕಲಾಗುವುದು. ಚೀಟಿಯಲ್ಲಿದ್ದಂತೆ ಪ್ರೋಟೀನು ತಯಾರಾಗುವುದು. ಆದರೆ ಕೆಲವು ಪುಟ್ಟ ಚೀಟಿಗಳಿಂದ ಪ್ರೋಟೀನು ಹುಟ್ಟುವುದಿಲ್ಲ. ಅವು ಬೇರೆ ಚೀಟಿಗಳಿಗೆ ಅಂಟಿಕೊಂಡು, ಇದನ್ನು ಈಗ ಮಾಡು, ಅದನ್ನು ನಿಲ್ಲಿಸು ಎಂದು ಕಟ್ಟುಮಾಡುವುವು. ೧೯೮೪ರಲ್ಲಿ ಮಿಜುನೊ, ಚೌ, ಇನೌಯೆ ಎಂಬ ವಿಜ್ಞಾನಿಗಳು ಇಂತಹುದೊಂದನ್ನು ಕೋಲೈ ಜೀವಿಯಲ್ಲಿ ತೋರಿಸಿಕೊಟ್ಟರು.

೧೯೯೫ರಲ್ಲಿ ಅಮೆರಿಕದ ಸ್ಲೆಜೆಸ್ಕಿ ಮತ್ತು ಸೂಸನ್ ಗಾಟ್ಸ್‌ಮನ್ ವರ್ಣಿಸಿದ ಡಿಎಸ್‌ಆರ್‌ಎ ಎಂಬ ಚೀಟಿಯೇ ನಮ್ಮ ತಣ್ಣೀರಿಗೆ ಸಂಬಂಧಪಟ್ಟುದು. ಅದರ ಉದ್ದ ಸುಮಾರು ೮೭ ಅಕ್ಷರಗಳು ಮಾತ್ರ. ಉಷ್ಣತೆ ೨೫ ಡಿಗ್ರಿಗೆ ಇಳಿದಾಗ ಅದರ ಪ್ರಮಾಣ ಹೆಚ್ಚುವುದು. ಕೋಶದಲ್ಲಿ ಕಷ್ಟಕಾಲದ ರಕ್ಷಣೆಯನ್ನು ನಡೆಸುವ ಯಜಮಾನ ಪ್ರೋಟೀನೊಂದುಂಟು. ಅದರ ಚೀಟಿ ಸಾಮಾನ್ಯವಾಗಿ ತನ್ನ ಮೇಲೆ ತಾನೇ ಮಡಿಚಿಕೊಂಡಿರುವುದರಿಂದ ಓದಲು ಸಿಕ್ಕದು. ಪುಟ್ಟ ಚೀಟಿಯು ಆ ಮಡಿಕೆಯನ್ನು ಬಿಡಿಸುವುದು. ಯಜಮಾನನು ಹುಟ್ಟಿದೊಡನೆ ರಕ್ಷಣೆಯ ನೂರಾರು ಕೆಲಸಗಳು ಮೊದಲಾಗುವುವು. ಆಗ ಜೀವಿಯು ಹಸಿವನ್ನೂ ಹುಳಿಯನ್ನೂ ಹೆಚ್ಚಾಗಿ ತಾಳಬಲ್ಲುದು.

೨೦೦೨ರಲ್ಲಿ ಮಾಸ್ಸೆ ಮತ್ತು ಗಾಟ್ಸ್‌ಮನ್ ವಿವರಿಸಿದ ಇನ್ನೊಂದು ಚೀಟಿ ಜಿಪುಣತನದ್ದು. ಕಬ್ಬಿಣದ ಅಂಶಕ್ಕೆ ಅಭಾವ ಬಂದಾಗ, ಕಬ್ಬಿಣವನ್ನು ಬಳಸುವ, ಆದರೆ ಸದ್ಯಕ್ಕೆ ಬಿಟ್ಟರೂ ನಡೆಯುವ ಪ್ರೋಟೀನುಗಳ ತಯಾರಿಕೆಯನ್ನು ಅದು ನಿಲ್ಲಿಸಿ, ಉಳಿದುದನ್ನು ಅಗತ್ಯದ ಕೆಲಸಕ್ಕೆ ಮೀಸಲಿಡುವುದು. ಹಾಸಿಗೆ ಇದ್ದಷ್ಟು ಕಾಲು ಚಾಚುವ ನೀತಿ ಈ ಅಣುಮಾತ್ರ ಜೀವಿಗೂ ತಿಳಿದಿದೆ.

ಇಷ್ಟು ಜಾಣನಾದ ಅತಿಥಿಯನ್ನು ತಂಪಿನಿಂದ ಹೊರಹಾಕಲಾಗದು. ಕುದಿಗೆ ಮಾತ್ರ ಅದು ಮಣಿಯುವುದು. ಕುದಿಯುವ ನೀರಿನಲ್ಲಿ ಪ್ರೋಟೀನುಗಳೇ ಕೆಟ್ಟುಹೋಗುವುದರಿಂದ ಯಾವ ಚೀಟಿಯೂ ಅದನ್ನು ಕಾಯಲಾರದು. ಸಕಲೇಶಪುರವು ಸಮುದ್ರಮಟ್ಟದಿಂದ ಸುಮಾರು ೯೫೦ ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು ೧೦೦ ಡಿಗ್ರಿಗೆ ಬದಲಾಗಿ ಸುಮಾರು ೯೭ ಡಿಗ್ರಿಯಲ್ಲಿಯೇ ಕುದಿಯುವುದು. ಅಷ್ಟೇ ಸಾಕು. ಗುಳ್ಳೆಗಳು ತಳದಿಂದ ಉಕ್ಕುಕ್ಕಿ ಬರುವಂತೆ ಒಂದು ನಿಮಿಷ ಕುದಿಯಲಿ. ಆವಿಯೇಳುವಷ್ಟು ಬಿಸಿಮಾಡಿ ಇಳಿಸಿದರೆ ಸಾಲದು.

ಮನೆಗಳಲ್ಲಿ ನಡೆಯುವ ಇನ್ನೊಂದು ಅಚಾತುರ್ಯವನ್ನೂ ಹೇಳಬೇಕು. ಕುದಿಸಿದ ನೀರು ಬಿಸಿಯಾಗಿದೆಯೆಂದು, ಕುಡಿಯುವ ಲೋಟಕ್ಕೆ ಕೊಡದ ತಣ್ಣೀರನ್ನು ಬೆರೆಸಿಕೊಡುವ ರೂಢಿ ಬಹಳ. ಇದರಿಂದ ಸೌದೆಯೂ ಶ್ರಮವೂ ವ್ಯರ್ಥ. ರಾತ್ರಿಯೇ ಕುದಿಸಿ, ಮುಚ್ಚಿಟ್ಟು, ಕೈಯದ್ದದೆ ಹಿಡಿಯುಳ್ಳ ಸೌಟಿನಿಂದ ತೆಗೆದುಕೊಂಡರೆ, ಗುಡ್ಡದ ತಂಪೇ ಬೆಳಗಾಗುವುದರೊಳಗೆ ಅದನ್ನು ಆರಿಸಿಕೊಡುವುದು. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಮಳೆಗಾಲದ ಒಂದು ದಿನವೂ ಈ ಕ್ರಮ ತಪ್ಪದಿರಲಿ.